ಕಾರವಾನ್ ಎಳೆಯೋಕೆ ದೊಡ್ಡ ಗಾಡಿ: ಮೈಲೇಜ್ ಮೊದಲಾ, ತೂಕ ಮೊದಲಾ?

ಹೊಸ ಗಾಡಿ ನೋಡಲು ಹೋದವರೆಲ್ಲ ಮೊದಲು ಕೇಳುವ ಮಾತು ಒಂದೇ: ‘ಎಷ್ಟು ಕೊಡುತ್ತೆ?’ ಕಾರವಾನ್, ಅಂದರೆ ಗಾಡಿಯ ಹಿಂದೆ ಕಟ್ಟಿಕೊಂಡು ಹೋಗುವ ಚಕ್ರದ ಮನೆ, ಎಳೆಯಲು ದೊಡ್ಡ ಗಾಡಿ ಹುಡುಕುವಾಗ ನಾನೂ ಅದನ್ನೇ ಕೇಳಿದ್ದೆ. ಸಿಕ್ಕಿದ್ದು ಬ್ರೋಷರಿನ ಒಂದು ಸಂಖ್ಯೆ. ಆ ಸಂಖ್ಯೆ ಬರುವುದು ಹಿಂದೆ ಏನನ್ನೂ ಕಟ್ಟದೆ ನಡೆಸಿದ ಪರೀಕ್ಷೆಯಿಂದ. ಎರಡು ಟನ್ನಿನ ಪೆಟ್ಟಿಗೆ ಸಿಕ್ಕಿಸಿಕೊಂಡು ಎದುರುಗಾಳಿಗೆ ಹೊರಟ ಮೇಲೆ ಅದನ್ನು ನಂಬಿ ಕೂತರೆ ದಾರಿ ಮಧ್ಯೆ ಬಂಕ್ ಹುಡುಕಬೇಕಾಗುತ್ತದೆ.

ಇದನ್ನು ಓದುತ್ತಿರುವವರಲ್ಲಿ ಹೆಚ್ಚಿನವರ ಕಥೆ ಹೆಚ್ಚುಕಮ್ಮಿ ಒಂದೇ ಇರಬೇಕು. ಈಗಿರುವ ಗಾಡಿ ಏರಿನಲ್ಲಿ ಏದುಸಿರು ಬಿಡುತ್ತದೆ. ಗೇರ್ ಇಳಿಸಿಕೊಂಡು ಕಿರುಚುತ್ತದೆ, ಹಿಂದೆ ವಾಹನಗಳ ಸಾಲು ಬೆಳೆಯುತ್ತದೆ. ದೊಡ್ಡದು ಬೇಕು ಅನಿಸುತ್ತದೆ. ಆದರೆ ದೊಡ್ಡದು ಅಂದರೆ ಆನೆ ಸಾಕಿದ ಹಾಗೆ, ಇಂಧನಕ್ಕೇ ದುಡ್ಡೆಲ್ಲ ಹೋಗುತ್ತದೆ ಅನ್ನುವ ಭಯ. ಈ ಭಯ ಅರ್ಧ ಸರಿ. ಅರ್ಧ ಯಾಕೆ ತಪ್ಪು ಅಂತ ಹೇಳುವ ಮುಂಚೆ ಯಾವುದರ ಮೇಲೆ ಅಳೆಯಬೇಕು ಅನ್ನೋದನ್ನು ನೋಡೋಣ.

ಮೊದಲ ಅಳತೆ: ಚೀಟಿಯಲ್ಲಿ ಬರುವ ತೂಕ

ನನ್ನ ಕಾರವಾನಿನ ಫಲಕದ ಮೇಲೆ ಖಾಲಿ ತೂಕ 1,780 ಕೆಜಿ ಅಂತಿದೆ. ಒಂದು ಸಲ ಪ್ರವಾಸಕ್ಕೆ ಹೊರಟ ದಿನ, ಎಲ್ಲ ತುಂಬಿಕೊಂಡಿದ್ದ ಹಾಗೇ, ವೇಬ್ರಿಡ್ಜ್ ಮೇಲೆ ನಿಲ್ಲಿಸಿದೆ. ಚೀಟಿಯಲ್ಲಿ ಬಂದಿದ್ದು 2,240. ಎಲ್ಲಿಂದ ಬಂತು 460 ಕೆಜಿ? ನೀರಿನ ಎರಡು ಟ್ಯಾಂಕಿನಲ್ಲಿ 160 ಲೀಟರ್, ಅಂದರೆ 160 ಕೆಜಿ. ಎರಡು ಗ್ಯಾಸ್ ಸಿಲಿಂಡರ್, ಆಮೇಲೆ ಹಾಕಿಸಿದ ಎರಡನೇ ಬ್ಯಾಟರಿ, ಪಕ್ಕಕ್ಕೆ ಬಿಚ್ಚುವ ಚಪ್ಪರ, ಕುರ್ಚಿ, ಪಾತ್ರೆ, ಹಾಸಿಗೆ, ಮಕ್ಕಳ ಸೈಕಲ್. ಒಂದೊಂದೂ ‘ಇದೇನು ಮಹಾ ಭಾರ’ ಅನ್ನುವಂಥವೇ. ಗಾಡಿ ಆರಿಸಬೇಕಾದ್ದು ಈ 2,240ಕ್ಕೆ, ಫಲಕದ 1,780ಕ್ಕಲ್ಲ.

ಇನ್ನೊಂದು ಕಡೆ ಜನ ಎಡವುತ್ತಾರೆ. ಜಾಹೀರಾತಿನಲ್ಲಿ ‘3,500 ಕೆಜಿ ಎಳೆಯುತ್ತದೆ’ ಅಂತ ದಪ್ಪ ಅಕ್ಷರದಲ್ಲಿ ಇರುತ್ತದೆ. ಅದರ ಕೆಳಗೆ ಸಣ್ಣ ಅಕ್ಷರದಲ್ಲಿ ಇನ್ನೆರಡು ಸಂಖ್ಯೆ ಇರುತ್ತವೆ. ಒಂದು ಜಿವಿಎಂ: ಜನ, ಸಾಮಾನು ಎಲ್ಲ ಸೇರಿ ಗಾಡಿ ಎಷ್ಟು ತೂಗಬಹುದು ಅನ್ನುವ ಮಿತಿ. ಇನ್ನೊಂದು ಜಿಸಿಎಂ: ಗಾಡಿ, ಕಾರವಾನ್ ಎರಡೂ ಸೇರಿದ ಮಿತಿ. ಒಂದು ಗಾಡಿಯ ಜಿವಿಎಂ 3,200, ಎಳೆಯುವ ಮಿತಿ 3,500, ಜಿಸಿಎಂ 6,000 ಅಂದುಕೊಳ್ಳಿ. ಮೊದಲೆರಡನ್ನು ಕೂಡಿದರೆ 6,700. ಮಿತಿಗಿಂತ 700 ಜಾಸ್ತಿ! ಅಂದರೆ 3,500 ಕೆಜಿ ಕಾರವಾನ್ ಕಟ್ಟಿದ ದಿನ ಗಾಡಿಯ ಪಾಲಿಗೆ ಉಳಿಯುವುದು 2,500 ಮಾತ್ರ. ಗಾಡಿ ಖಾಲಿಯಿದ್ದಾಗಲೇ 2,250 ತೂಗಿದರೆ ಜನ, ಸಾಮಾನು ಎಲ್ಲ 250 ಕೆಜಿಯಲ್ಲಿ ಮುಗಿಯಬೇಕು. ಜಾಹೀರಾತು ಸುಳ್ಳಲ್ಲ, ಪೂರ್ತಿ ಹೇಳುವುದಿಲ್ಲ ಅಷ್ಟೇ.

ಬ್ರಿಟನ್ನಿನ ಕಾರವಾನ್ ಬಳಗಗಳಲ್ಲಿ ಹಿಂದಿನಿಂದ ಓಡಾಡುವ ಒಂದು ಸೂತ್ರವಿದೆ: ತುಂಬಿದ ಕಾರವಾನ್ ಗಾಡಿಯ ಖಾಲಿ ತೂಕದ ಶೇ. 85 ದಾಟಬಾರದು, ಅದರಲ್ಲೂ ಹೊಸಬರಿಗೆ. ಇದು ಕಾನೂನಲ್ಲ, ಅನುಭವದ ಮಾತು. ಬಾಲವೇ ನಾಯಿಯನ್ನು ಅಲ್ಲಾಡಿಸಬಾರದಲ್ವಾ? ದೊಡ್ಡ ಕಾರವಾನುಗಳ ಲೋಕದಲ್ಲಿ ಈ ಸೂತ್ರ ಪಾಲಿಸುವುದು ಕಷ್ಟ, ಆದರೂ ನೆನಪಲ್ಲಿರಲಿ.

ಎರಡನೆಯದು: ಮೂಗಿನ ಭಾರ

ಎತ್ತಿನ ಗಾಡಿ ತುಂಬಿದವರಿಗೆ ಇದನ್ನು ವಿವರಿಸಬೇಕಿಲ್ಲ. ಮುಂಭಾರ ಜಾಸ್ತಿಯಾದರೆ ಎತ್ತಿನ ಕತ್ತು ಕುಸಿಯುತ್ತದೆ, ಹಿಂಭಾರವಾದರೆ ನೊಗವೇ ಮೇಲೆ ಏಳುತ್ತದೆ. ಕಾರವಾನಿನಲ್ಲೂ ಅದೇ. ಕಾರವಾನಿನ ಮೂಗನ್ನು ಸಿಕ್ಕಿಸುವ, ಗಾಡಿಯ ಹಿಂದಿನ ಗುಂಡು ಟೋ ಬಾಲ್. ಅದರ ಮೇಲೆ ಕೂರುವ ಭಾರ ತೀರಾ ಕಡಿಮೆಯಾದರೆ ಕಾರವಾನ್ ವೇಗದಲ್ಲಿ ಬಾಲ ಆಡಿಸಲು ಶುರು ಮಾಡುತ್ತದೆ. ಯುರೋಪಿನ ಹಗುರ ಕಾರವಾನುಗಳಿಗೆ ಒಟ್ಟು ತೂಕದ ಶೇ. 5ರಿಂದ 7 ಇದ್ದರೆ ಸಾಕು ಅನ್ನುತ್ತಾರೆ. ಆಸ್ಟ್ರೇಲಿಯಾದಲ್ಲಿ ಶೇ. 10ರ ಆಸುಪಾಸು, ಅಮೆರಿಕದಲ್ಲಿ 10ರಿಂದ 15. ನಿಮ್ಮ ಕಾರವಾನ್ ತಯಾರಾದ ಪದ್ಧತಿಯನ್ನೇ ಅನುಸರಿಸಿ.

ಗಾಡಿ ಆರಿಸುವಾಗ ಇದು ಯಾಕೆ ಮುಖ್ಯ? 2,500 ಕೆಜಿ ಕಾರವಾನಿನ ಶೇ. 10 ಅಂದರೆ 250 ಕೆಜಿ. ಮೂರು ಜನ ದಪ್ಪನೆಯ ಗಂಡಸರು ಹಿಂದಿನ ಬಂಪರ್ ಮೇಲೆ ಕೂತ ಹಾಗೆ. ಈ 250 ಗಾಡಿ ಹೊರುವ ತೂಕದ ಲೆಕ್ಕಕ್ಕೇ ಬರುತ್ತದೆ. 650 ಕೆಜಿ ಹೊರುವ ಗಾಡಿಯಾದರೆ ಉಳಿದದ್ದು 400. ನಾಲ್ಕು ಜನರ ಸಂಸಾರ, ಮುಂದೆ ಕಬ್ಬಿಣದ ಗಾರ್ಡ್, ಚಾವಣಿಯ ಮೇಲೆ ಕ್ಯಾರಿಯರ್, ಡಿಕ್ಕಿಯಲ್ಲಿ ಫ್ರಿಜ್. ಮುಗಿಯಿತು.

ಅದಕ್ಕಿಂತ ಕೆಟ್ಟದ್ದು ಸನ್ನೆಕೋಲಿನ ಆಟ. ಮುಂದಿನ ಚಕ್ರಕ್ಕೂ ಹಿಂದಿನ ಚಕ್ರಕ್ಕೂ 2.8 ಮೀಟರ್ ದೂರ, ಹಿಂದಿನ ಚಕ್ರದಿಂದ ಟೋ ಬಾಲ್‌ಗೆ 1.2 ಮೀಟರ್ ಇರುವ ಗಾಡಿಯಲ್ಲಿ ಆ 250 ಕೆಜಿ ಹಿಂದಿನ ಆಕ್ಸಲ್ ಮೇಲೆ 357 ಕೆಜಿಯಾಗಿ ಬೀಳುತ್ತದೆ. ಮುಂದಿನ ಚಕ್ರಗಳಿಂದ 107 ಕೆಜಿ ಎತ್ತಿಬಿಡುತ್ತದೆ. ಸ್ಟೀರಿಂಗ್ ತೇಲಿದ ಹಾಗಾಗುವುದು, ಹೆಡ್‌ಲೈಟ್ ಮರದ ತುದಿ ನೋಡುವುದು ಇದರಿಂದಲೇ. ಆದ್ದರಿಂದ ಉದ್ದದ ವೀಲ್‌ಬೇಸ್ (ಮುಂದಿನ, ಹಿಂದಿನ ಚಕ್ರಗಳ ನಡುವಿನ ದೂರ), ಹಿಂದೆ ಕಡಿಮೆ ಚಾಚು ಇರುವ ಗಾಡಿ ಎಳೆಯಲು ಒಳ್ಳೆಯದು. ಟೊಯೊಟಾ ಲ್ಯಾಂಡ್ ಕ್ರೂಸರ್ 300ರ ವೀಲ್‌ಬೇಸ್ 2.85 ಮೀಟರ್. ಫೋರ್ಡ್ ರೇಂಜರ್ ಪಿಕಪ್‌ನದು 3.27. ನಾಲ್ಕು ಬಾಗಿಲಿನ ಫೋರ್ಡ್ ಎಫ್-150ಯದು ಸುಮಾರು 3.7. ಬೆಲೆ ಜಾಸ್ತಿ ಅಂದ ಮಾತ್ರಕ್ಕೆ ಗಾಡಿ ಉದ್ದ ಇರುತ್ತದೆ ಅಂತೇನಿಲ್ಲ.

ಈಗ ಮೈಲೇಜ್, ಆದರೆ ಬೇರೆ ಲೆಕ್ಕದಲ್ಲಿ

ನಮಗೆಲ್ಲ ಲೀಟರಿಗೆ ಇಷ್ಟು ಕಿಲೋಮೀಟರ್ ಅನ್ನುವ ಲೆಕ್ಕ ರೂಢಿ. ಕಾರವಾನ್ ವಿಷಯದಲ್ಲಿ ಅದು ಮೋಸ ಮಾಡುತ್ತದೆ. 12 ಕೊಡುವ ಗಾಡಿ 10ಕ್ಕೆ ಇಳಿದರೆ 100 ಕಿ.ಮೀ.ಗೆ ಸುಮಾರು 1.7 ಲೀಟರ್ ಜಾಸ್ತಿ ಖರ್ಚು. 6 ಕೊಡುವುದು 5ಕ್ಕೆ ಇಳಿದರೆ? ಬರೀ ಒಂದು ಕಿಲೋಮೀಟರ್ ತಾನೇ ಅನಿಸುತ್ತದೆ. ಆದರೆ ಖರ್ಚು 3.3 ಲೀಟರ್ ಜಾಸ್ತಿ. ಎಳೆಯುವಾಗ ನಾವಿರುವುದು ಈ ಕೆಳಗಿನ ತುದಿಯಲ್ಲೇ. ಹಾಗಾಗಿ 100 ಕಿ.ಮೀ.ಗೆ ಎಷ್ಟು ಲೀಟರ್ ಅಂತ ನೋಡುವುದು ಒಳ್ಳೆಯದು.

ಈಗ ಮೂರು ಗಾಡಿ ಇಟ್ಟುಕೊಳ್ಳೋಣ. ಅಂಕಿಗಳು ಲೆಕ್ಕಕ್ಕೆ ಇಟ್ಟವು, ನಿಮ್ಮವನ್ನು ನೀವು ಹಾಕಿಕೊಳ್ಳಿ. ಮಧ್ಯಮ ಗಾತ್ರದ ಡೀಸೆಲ್: ಒಂಟಿಯಾಗಿ ಓಡಿದರೆ 100 ಕಿ.ಮೀ.ಗೆ 8.5 ಲೀಟರ್, ಎಳೆಯುವಾಗ 15. ದೊಡ್ಡ ವಿ6 (ಆರು ಸಿಲಿಂಡರಿನ) ಡೀಸೆಲ್: ಒಂಟಿಯಾಗಿ 10, ಎಳೆಯುವಾಗ 16. ದೊಡ್ಡ ವಿ8 (ಎಂಟು ಸಿಲಿಂಡರಿನ) ಪೆಟ್ರೋಲ್: ಒಂಟಿಯಾಗಿ 15, ಎಳೆಯುವಾಗ 23. ವರ್ಷಕ್ಕೆ 15,000 ಕಿ.ಮೀ. ಓಡಾಟ, ಅದರಲ್ಲಿ ಕಾರವಾನ್ ಜೊತೆ 3,000.

ಮಧ್ಯಮ ಗಾಡಿ ವರ್ಷಕ್ಕೆ 1,470 ಲೀಟರ್ ಕುಡಿಯುತ್ತದೆ. ವಿ6 ಡೀಸೆಲ್ 1,680. ವ್ಯತ್ಯಾಸ 210 ಲೀಟರ್. ಇದರಲ್ಲಿ ಕಾರವಾನ್ ಎಳೆದದ್ದರಿಂದ ಬಂದ ಪಾಲು ಎಷ್ಟು ಗೊತ್ತಾ? ಬರೀ 30 ಲೀಟರ್. ಉಳಿದ 180 ಹೋಗಿದ್ದು ಕಾರವಾನ್ ಮನೆಯಲ್ಲಿ ನಿಂತಿದ್ದಾಗ, ತರಕಾರಿ ತರುವಾಗ, ಮಕ್ಕಳನ್ನು ಶಾಲೆಗೆ ಬಿಡುವಾಗ. ವಿ8 ಪೆಟ್ರೋಲ್ 2,490ಕ್ಕೆ ಹೋಗುತ್ತದೆ. ವಿ6 ಡೀಸೆಲ್‌ಗಿಂತ 810 ಜಾಸ್ತಿ, ಅದರಲ್ಲೂ 600 ಒಂಟಿ ಓಡಾಟದ್ದೇ.

ನಾನು ಹೇಳಬೇಕೆಂದಿದ್ದ ಮುಖ್ಯ ಮಾತು ಇದೇ. ಎಳೆಯುವಾಗ ಹೆಚ್ಚುವರಿ ಇಂಧನ ಕುಡಿಯುವುದು ಹಿಂದಿನ ಪೆಟ್ಟಿಗೆ. ಮುಂದೆ ಯಾವ ಗಾಡಿ ಇದ್ದರೂ ಆ ಪೆಟ್ಟಿಗೆಯನ್ನು ಗಾಳಿಯಲ್ಲಿ ತಳ್ಳಲೇಬೇಕು. ಒಂದೇ ಬಗೆಯ ಎಂಜಿನ್‌ಗಳ ನಡುವೆ ವ್ಯತ್ಯಾಸ ಅಲ್ಲಿ ಕಿರಿದಾಗುತ್ತದೆ. ದೊಡ್ಡ ಗಾಡಿಯ ದುಬಾರಿತನ ಕಾಡುವುದು ಕಾರವಾನ್ ಇಲ್ಲದ ದಿನಗಳಲ್ಲಿ. ವರ್ಷದ 15,000ದಲ್ಲಿ 12,000 ಕಿ.ಮೀ. ಎಳೆಯುವವರಾದರೆ ಮಧ್ಯಮ ಗಾಡಿಗೂ ವಿ6ಗೂ ಇರುವ ವ್ಯತ್ಯಾಸ 165 ಲೀಟರಿಗೆ ಇಳಿಯುತ್ತದೆ. ಎಳೆಯುವುದು ಜಾಸ್ತಿಯಾದಷ್ಟೂ ದೊಡ್ಡ ಡೀಸೆಲ್ ಗಾಡಿಯ ಮೇಲಿನ ದೂರು ಕಡಿಮೆಯಾಗುತ್ತದೆ.

ಇಂಧನ ಉಳಿಸುವ ಇನ್ನೊಂದು ದಾರಿಗೆ ಗಾಡಿ ಬದಲಾಯಿಸುವುದೇ ಬೇಡ. ಗಾಳಿಯ ತಡೆ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. 110ರಲ್ಲಿ ಹೋಗುತ್ತಿದ್ದವರು 90ಕ್ಕೆ ಇಳಿದರೆ ಪ್ರತಿ ಕಿಲೋಮೀಟರಿಗೆ ಗಾಳಿಯನ್ನು ತಳ್ಳುವ ಕೆಲಸ ಮೂರನೇ ಒಂದು ಭಾಗದಷ್ಟು ಕಡಿಮೆಯಾಗುತ್ತದೆ. 100ರಿಂದ 90ಕ್ಕೆ ಇಳಿದರೂ ಶೇ. 19. ಹೆದ್ದಾರಿಯ ಮಟ್ಟಸ ದಾರಿಯಲ್ಲಿ ತೂಕಕ್ಕಿಂತ ಕಾರವಾನಿನ ಎದೆಯ ಅಗಲವೇ ಜಾಸ್ತಿ ಕಾಡುತ್ತದೆ. ತೂಕ ತನ್ನ ಬುದ್ಧಿ ತೋರಿಸುವುದು ಏರಿನಲ್ಲಿ, ಸಿಗ್ನಲ್‌ನಿಂದ ಹೊರಡುವಾಗ.

ಯಾವ ಬಗೆಯ ಗಾಡಿ ಯಾರಿಗೆ

ಇರುವ ಮಧ್ಯಮ ಎಸ್‌ಯುವಿಯನ್ನೇ ಇಟ್ಟುಕೊಂಡು ಕಾರವಾನನ್ನು ಹಗುರ ಮಾಡುವುದು ಮೊದಲ ದಾರಿ. ಯಾರೂ ಇದನ್ನು ಆಯ್ಕೆ ಅಂತಲೇ ಎಣಿಸುವುದಿಲ್ಲ. ಚಾವಣಿ ಕೆಳಗಿಳಿಸಿ ಓಡಿಸಬಹುದಾದ ಪಾಪ್-ಟಾಪ್ ಕಾರವಾನ್ ನೋಡಿ. 2.4 ಮೀಟರ್ ಅಗಲದ ಕಾರವಾನಿನಲ್ಲಿ ಎತ್ತರ ಅರ್ಧ ಮೀಟರ್ ತಗ್ಗಿದರೆ ಗಾಳಿಗೆ ಎದುರಾಗುವ ಜಾಗ 1.2 ಚದರ ಮೀಟರ್ ಕಡಿಮೆ. ತಲುಪುವ ಕಡೆ ನೀರು ಸಿಗುತ್ತದೆ ಅಂತ ಗೊತ್ತಿದ್ದರೆ ತುಂಬಿದ ಟ್ಯಾಂಕ್ ಹೊತ್ತುಕೊಂಡು ಹೋಗುವುದು ಯಾಕೆ? ವರ್ಷಕ್ಕೆ ಎರಡು ಮೂರು ಸಲ ಹೋಗುವವರು, ತುಂಬಿದ ಕಾರವಾನ್ 1,500 ಕೆಜಿಯ ಒಳಗೆ ಇರುವವರು, ಸುಮ್ನೆ ಇಲ್ಲೇ ನಿಲ್ಲಿ. ಆದರೆ ಗಾಡಿಯ ಗೇರ್‌ಬಾಕ್ಸ್ ಯಾವುದು ನೋಡಿಕೊಳ್ಳಿ. ಭಾರ ಎಳೆಯುತ್ತಾ ಏರಿನಲ್ಲಿ ಇಂಚಿಂಚು ಸರಿಯುವ ಕೆಲಸ ಡ್ಯುಯಲ್ ಕ್ಲಚ್‌ಗೆ (ಎರಡು ಕ್ಲಚ್ ಇರುವ ಆಟೋಮ್ಯಾಟಿಕ್) ಒಗ್ಗುವುದಿಲ್ಲ, ಕ್ಲಚ್ ಕಾಯುತ್ತದೆ. ಕ್ಲಚ್ ಬದಲು ಎಣ್ಣೆಯ ಮೂಲಕ ಶಕ್ತಿ ದಾಟಿಸುವ ಟಾರ್ಕ್ ಕನ್ವರ್ಟರ್ ಇರುವ ಆಟೋಮ್ಯಾಟಿಕ್ ಇದಕ್ಕೆ ವಾಸಿ. ಸಣ್ಣ ಟರ್ಬೊ (ಗಾಳಿಯನ್ನು ಒತ್ತಿ ತುಂಬಿಕೊಳ್ಳುವ) ಪೆಟ್ರೋಲ್ ಎಂಜಿನ್‌ಗಳದು ಇನ್ನೊಂದು ಚಾಳಿ. ಒಂಟಿಯಾಗಿ ಚೆನ್ನಾಗಿ ಕೊಡುತ್ತವೆ. ಭಾರ ಬಿದ್ದಾಗ ಬಿಸಿ ತಣಿಸಲು ಹೆಚ್ಚುವರಿ ಪೆಟ್ರೋಲ್ ಚಿಮ್ಮಿಸುತ್ತವೆ. ಮೈಲೇಜ್ ಧೊಪ್ಪನೆ ಬೀಳುತ್ತದೆ.

ನಾಲ್ಕು ಸಿಲಿಂಡರಿನ ಡೀಸೆಲ್ ಪಿಕಪ್ ಎರಡನೆಯದು. ಇಸುಝು ಡಿ-ಮ್ಯಾಕ್ಸ್‌ನ 3 ಲೀಟರ್ ಎಂಜಿನ್ 450 ಎನ್‌ಎಂ (ನ್ಯೂಟನ್ ಮೀಟರ್) ಟಾರ್ಕ್, ಅಂದರೆ ತಿರುಗಿಸುವ ಬಲ, ಕೊಡುತ್ತದೆ. ತುಂಬಿದ ಕಾರವಾನ್ 2,000ದಿಂದ 2,300 ಕೆಜಿ ಇರುವವರಿಗೆ, ಬಜೆಟ್ ಬಿಗಿ ಇರುವವರಿಗೆ, ನನ್ನ ಲೆಕ್ಕದಲ್ಲಿ ಕಾಸಿಗೆ ತಕ್ಕ ಗಾಡಿ ಇದು. ವೀಲ್‌ಬೇಸ್ ಉದ್ದ, ಒಂಟಿಯಾಗಿ ಓಡಿದಾಗ ಖರ್ಚು ಕಡಿಮೆ, ರಿಪೇರಿ ಸುಲಭ. ಕೊರತೆ ಏನು ಅಂದರೆ, ಉದ್ದದ ಏರಿನಲ್ಲಿ ಎಂಜಿನ್ ತನ್ನ ಶಕ್ತಿಯನ್ನೆಲ್ಲ ಸುರಿಯುತ್ತಿರುತ್ತದೆ. ಹಿಂದಿನ ಸೀಟಿನವರು ಪಿಕಪ್ಪಿನ ಕುಲುಕಾಟಕ್ಕೆ ಗೊಣಗುತ್ತಾರೆ. 3,500 ಎಳೆಯುತ್ತದೆ ಅಂತ ಬರೆದಿದ್ದರೂ 2,500 ದಾಟಿದ ಮೇಲೆ ಇದರ ಮೇಲೆ ಒತ್ತಾಯ ಹೇರಬಾರದು ಅನ್ನೋದು ನನ್ನ ಅಭಿಪ್ರಾಯ.

ದೊಡ್ಡ ವಿ6 ಡೀಸೆಲ್‌ಗಳ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು, ಯಾಕೆಂದರೆ ಎಲ್ಲರ ಕಣ್ಣು ಇರುವುದು ಇದರ ಮೇಲೇ. ರೇಂಜರ್‌ನ 3 ಲೀಟರ್ ವಿ6 600 ಎನ್‌ಎಂ ಕೊಡುತ್ತದೆ, ಲ್ಯಾಂಡ್ ಕ್ರೂಸರ್ 300ರ 3.3 ಲೀಟರ್ ಡೀಸೆಲ್ 700. ಇದು ಏರಿನಲ್ಲಿ ಗೊತ್ತಾಗುತ್ತದೆ. ಗೇರ್ ಇಳಿಸದೆ, ಟ್ಯಾಕೋಮೀಟರ್ ಮುಳ್ಳು 2,000ದ ಹತ್ತಿರವೇ ಇಟ್ಟುಕೊಂಡು ಹತ್ತುತ್ತದೆ. ಗೇರ್‌ಬಾಕ್ಸ್ ಬಿಸಿಯಾಗುವುದು ಕಡಿಮೆ, ಓಡಿಸುವವರ ತಲೆ ಬಿಸಿಯಾಗುವುದೂ ಕಡಿಮೆ. ಎತ್ತರದ ಘಟ್ಟದಲ್ಲಿ ಟರ್ಬೊ ಇನ್ನೊಂದು ಲಾಭ ಕೊಡುತ್ತದೆ. ಟರ್ಬೊ ಇಲ್ಲದ ಎಂಜಿನ್ ಪ್ರತಿ 1,000 ಮೀಟರ್ ಎತ್ತರಕ್ಕೆ ಹತ್ತಿರ ಹತ್ತಿರ ಶೇ. 10ರಷ್ಟು ಶಕ್ತಿ ಕಳೆದುಕೊಳ್ಳುತ್ತದೆ. ಟರ್ಬೊ ಆ ನಷ್ಟವನ್ನು ಬಹುಮಟ್ಟಿಗೆ ತುಂಬಿಕೊಡುತ್ತದೆ. 2,300ರಿಂದ 3,000 ಕೆಜಿ ಎಳೆಯುವವರಿಗೆ, ತಿಂಗಳುಗಟ್ಟಲೆ ಸುತ್ತುವವರಿಗೆ ಇದೇ ಸರಿ.

ಆದರೆ ಒಂದು ಎಚ್ಚರಿಕೆ. ವಾರವಿಡೀ ಮೂರು ಕಿಲೋಮೀಟರ್ ದೂರದ ಓಡಾಟಕ್ಕೆ ಮಾತ್ರ ಬಳಸಿದರೆ ಡೀಸೆಲ್‌ನ ಮಸಿ ಸೋಸುವ ಫಿಲ್ಟರ್ ಕಟ್ಟಿಕೊಳ್ಳುತ್ತದೆ. ಅದು ತನ್ನ ಮಸಿಯನ್ನು ತಾನೇ ಸುಟ್ಟುಕೊಳ್ಳಲು ಬಿಸಿಯಾಗಿ ಒಂದಷ್ಟು ಹೊತ್ತು ಓಡಬೇಕು. ನನ್ನ ಹಳೆಯ ಗಾಡಿಯಲ್ಲಿ ಇದೇ ಆಗಿತ್ತು. ಡ್ಯಾಶ್‌ಬೋರ್ಡಿನಲ್ಲಿ ಹಳದಿ ದೀಪ. ಗ್ಯಾರೇಜಿನವನು ಕೇಳಿದ್ದು ಒಂದೇ ಪ್ರಶ್ನೆ: ‘ಹೈವೇ ನೋಡಿ ಎಷ್ಟು ದಿನ ಆಯ್ತು ಸಾರ್?’ ಕಾರವಾನ್ ಎಳೆಯುವ ವಾರಗಳಲ್ಲಿ ಆ ದೀಪ ಒಮ್ಮೆಯೂ ಬಂದಿರಲಿಲ್ಲ.

ದೊಡ್ಡ ಪೆಟ್ರೋಲ್ ಗಾಡಿಗಳಿಗೆ ಬರೋಣ. ವೈ62 ತಲೆಮಾರಿನ ನಿಸಾನ್ ಪ್ಯಾಟ್ರೋಲ್‌ನಲ್ಲಿ 5.6 ಲೀಟರ್ ವಿ8. ಹೆಸರು ಪೆಟ್ರೋಲ್ ಅಂತ ಕೇಳಿಸಿದರೂ ತಪ್ಪಿಲ್ಲ, ಕುಡಿಯುವುದು ಅದನ್ನೇ, ಚೆನ್ನಾಗಿಯೇ. ಆದರೆ ಸುಮ್ನೆ ತಳ್ಳಿಹಾಕಬೇಡಿ. ಇಂಥ ಗಾಡಿ ಸೆಕೆಂಡ್ ಹ್ಯಾಂಡ್‌ನಲ್ಲಿ ಅದೇ ವಯಸ್ಸಿನ ದೊಡ್ಡ ಡೀಸೆಲ್‌ಗಿಂತ ಅಗ್ಗಕ್ಕೆ ಸಿಕ್ಕರೆ, ಆ ಉಳಿತಾಯದಲ್ಲಿ ಎಷ್ಟು ಲೀಟರ್ ಪೆಟ್ರೋಲ್ ಬರುತ್ತದೆ ಅಂತ ಭಾಗಿಸಿ ನೋಡಿ. ಮೇಲಿನ ಲೆಕ್ಕದ ಪ್ರಕಾರ ವರ್ಷಕ್ಕೆ 810 ಲೀಟರ್ ಹೆಚ್ಚುವರಿ. ವರ್ಷಕ್ಕೆ 6,000 ಕಿ.ಮೀ. ಮಾತ್ರ ಓಡಿಸುವವರಿಗೆ ಆ ಹೆಚ್ಚುವರಿ ಇನ್ನೂ ಕಡಿಮೆ. ನಿವೃತ್ತರಾಗಿ, ಮನೆಗೆ ಬೇರೆ ಸಣ್ಣ ಕಾರು ಇಟ್ಟುಕೊಂಡು, ದೊಡ್ಡದನ್ನು ಪ್ರವಾಸಕ್ಕೆ ಮಾತ್ರ ತೆಗೆಯುವವರಿಗೆ ಇದು ಪೆದ್ದುತನದ ಆಯ್ಕೆ ಅಲ್ಲವೇ ಅಲ್ಲ. ಮಸಿ ಫಿಲ್ಟರಿನ ತಲೆನೋವೂ ಇಲ್ಲ. ಕಾಡುವುದು ದೂರ. 100 ಕಿ.ಮೀ.ಗೆ 23 ಲೀಟರ್ ಅಂದರೆ 80 ಲೀಟರ್ ಟ್ಯಾಂಕು 350 ಕಿ.ಮೀ. ಮುಟ್ಟುವುದರೊಳಗೆ ಖಾಲಿ. ಪ್ಯಾಟ್ರೋಲ್‌ಗೆ 140 ಲೀಟರಿನ ಟ್ಯಾಂಕ್ ಇಟ್ಟಿದ್ದು ಸುಮ್ಮನೆ ಅಲ್ಲ. ಬೇರೆ ಪೆಟ್ರೋಲ್ ಗಾಡಿ ನೋಡುವಾಗ ಟ್ಯಾಂಕಿನ ಅಳತೆ ಮರೆಯದೆ ಕೇಳಿ.

ಎಫ್-150, ರ‍್ಯಾಮ್ 1500ರಂಥ ಅಮೆರಿಕನ್ ಪಿಕಪ್ಪುಗಳು 3 ಟನ್ ದಾಟಿದವರಿಗೆ. ಎಳೆಯುವುದರಲ್ಲಿ ಇವುಗಳ ಮುಂದೆ ಉಳಿದವು ಮಕ್ಕಳು. ಆದರೆ ಐಷಾರಾಮಿ ಮಾದರಿಗಳಲ್ಲಿ ಸೀಟು, ಗಾಜಿನ ಚಾವಣಿ ಎಲ್ಲ ಸೇರಿ ಹೊರುವ ತೂಕ ಆಶ್ಚರ್ಯ ಪಡುವಷ್ಟು ಕಡಿಮೆಯಾಗುತ್ತದೆ. ಬಾಗಿಲ ಚೌಕಟ್ಟಿನ ಚೀಟಿ ಓದಿ. ಜೊತೆಗೆ ಹತ್ತಿರ ಹತ್ತಿರ ಆರು ಮೀಟರ್ ಉದ್ದದ ಗಾಡಿ ನಿಲ್ಲಿಸಲು ನಿಮ್ಮ ಮನೆ ಮುಂದೆ ಜಾಗ ಇದೆಯಾ, ಟೇಪ್ ಹಿಡಿದು ನೋಡಿ.

ಎಲೆಕ್ಟ್ರಿಕ್ ಬಗ್ಗೆಯೂ ಕೇಳುತ್ತಾರೆ. ಎಳೆಯಲು ಅದಕ್ಕಿಂತ ಹಿತವಾದ ಮೋಟಾರ್ ಇಲ್ಲ, ಸದ್ದಿಲ್ಲದೆ ಏರು ಹತ್ತುತ್ತದೆ, ಇಳಿಜಾರಿನಲ್ಲಿ ಬ್ಯಾಟರಿಗೆ ಸ್ವಲ್ಪ ವಾಪಸ್ ಕೊಡುತ್ತದೆ. ಆದರೆ ಕಾರವಾನ್ ಕಟ್ಟಿದರೆ ಓಡುವ ದೂರ ಸುಮಾರು ಅರ್ಧಕ್ಕೆ ಇಳಿಯುವುದು ಸಾಮಾನ್ಯ. 100 ಕಿ.ಮೀ.ಗೆ 45 ಯೂನಿಟ್ ಬೇಕು ಅಂದುಕೊಂಡರೆ, 100 ಯೂನಿಟ್ ಬ್ಯಾಟರಿಯನ್ನು ಶೇ. 10ರಿಂದ 80ರವರೆಗೆ ಬಳಸಿ ಓಡುವುದು ಸುಮಾರು 155 ಕಿ.ಮೀ. ಜೊತೆಗೆ ಎಷ್ಟೋ ಚಾರ್ಜಿಂಗ್ ಜಾಗಗಳಲ್ಲಿ ಕಾರವಾನ್ ಬಿಚ್ಚಿಟ್ಟು ಗಾಡಿ ಒಳಗೆ ತೂರಿಸಬೇಕು. ಹತ್ತಿರದ ಒಂದೇ ಕ್ಯಾಂಪಿಗೆ ಹೋಗಿ ಬರುವವರಿಗೆ, ಉಳಿದ ದಿನಗಳೆಲ್ಲ ಊರೊಳಗೆ ಓಡಿಸುವವರಿಗೆ ಇದು ಚೆನ್ನ. ಒಂಟಿ ಓಡಾಟದ ಖರ್ಚೇ ದೊಡ್ಡದು ಅಂತ ಮೇಲೆ ನೋಡಿದೆವಲ್ಲ, ಆ ಲೆಕ್ಕ ಇಲ್ಲಿ ನಿಮ್ಮ ಪರವಾಗಿದೆ. ಪ್ಲಗ್-ಇನ್ ಹೈಬ್ರಿಡ್ (ಚಾರ್ಜ್ ಮಾಡುವ ಬ್ಯಾಟರಿ, ಎಂಜಿನ್ ಎರಡೂ ಇರುವ ಗಾಡಿ) ನೋಡುವವರು ಬ್ಯಾಟರಿ ಮುಗಿದ ಮೇಲೆ ಎಳೆಯಲು ಉಳಿಯುವ ಎಂಜಿನ್ ಎಷ್ಟು ದೊಡ್ಡದು ಅಂತ ವಿಚಾರಿಸಿ.

ಲೈಸೆನ್ಸ್ ವಿಷಯವನ್ನು ಎಷ್ಟೋ ಜನ ಮರೆಯುತ್ತಾರೆ. ಗಾಡಿ ದೊಡ್ಡದಾದಷ್ಟೂ ಒಟ್ಟು ತೂಕ ಏರುತ್ತದೆ, ಕೆಲವು ದೇಶಗಳಲ್ಲಿ ಮಾಮೂಲಿ ಕಾರಿನ ಲೈಸೆನ್ಸ್ ಸಾಲುವುದಿಲ್ಲ. ನಿಮ್ಮಲ್ಲಿ ಏನು ನಿಯಮ ಅಂತ ಮುಂಗಡ ಕೊಡುವ ಮುಂಚೆಯೇ ನೋಡಿಕೊಳ್ಳಿ. ಟೈರ್, ಬ್ರೇಕ್ ಪ್ಯಾಡ್, ಎಂಜಿನ್ ಆಯಿಲ್ ಎಲ್ಲವೂ ದೊಡ್ಡ ಗಾಡಿಯಲ್ಲಿ ಜಾಸ್ತಿ ಬೇಡುತ್ತವೆ, ಅದೂ ಬಜೆಟ್ಟಿನಲ್ಲಿರಲಿ.

ನಾನು ಏನು ತಗೊಂಡೆ ಅಂತ ಕೇಳಿದರೆ, 2,240 ಕೆಜಿಗೆ ನಾಲ್ಕು ಸಿಲಿಂಡರಿನ ಪಿಕಪ್. ಘಟ್ಟದ ದಾರಿಯಲ್ಲಿ ವಿ6 ಇದ್ದಿದ್ದರೆ ಅನಿಸುತ್ತದೆ, ಉಳಿದ ಹನ್ನೊಂದು ತಿಂಗಳು ಅನಿಸುವುದಿಲ್ಲ.

ನೀವು ಶೋರೂಮಿಗೆ ಹೋಗುವ ಮುಂಚೆ ಒಂದು ಕೆಲಸ ಮಾಡಿ. ಈಗಿರುವ ಗಾಡಿಯ ಡ್ಯಾಶ್‌ಬೋರ್ಡಿನಲ್ಲಿ ಎರಡು ಟ್ರಿಪ್ ಮೀಟರ್ ಇರುತ್ತವೆ, ಎ ಮತ್ತು ಬಿ. ಬಿಯನ್ನು ಮೂರು ತಿಂಗಳು ಮುಟ್ಟಬೇಡಿ, ಒಟ್ಟು ಓಡಾಟ ಅದರಲ್ಲಿ ಬರಲಿ. ಎಯನ್ನು ಕಾರವಾನ್ ಕಟ್ಟಿದಾಗ ಸೊನ್ನೆ ಮಾಡಿ, ಬಿಚ್ಚಿದಾಗ ಬರೆದುಕೊಳ್ಳಿ. ಹಿಚ್‌ನ ಕೊಂಡಿ ಹಾಕಿ ಸೀಟಿಗೆ ಬಂದು ಕೂತ ತಕ್ಷಣ ಮೊದಲು ಆ ಗುಂಡಿ ಒತ್ತಿ. ನಾನು ಮೊದಲೆರಡು ಪ್ರವಾಸದಲ್ಲಿ 40 ಕಿ.ಮೀ. ಹೋದ ಮೇಲೆ ನೆನಪಿಸಿಕೊಂಡಿದ್ದೆ.